ಗಡಿ ದಾಟಿದ ಮುಡಿಪು

ರಾಜಾನುಕುಂಟೆಯ ಮುನಿಆಂಜಿನಪ್ಪ 2008ರಿಂದ ವರ್ಷಕ್ಕೆರಡು ಸಲ ಯಲಹಂಕ ಸುತ್ತಮುತ್ತಲಿನವರನ್ನು ನೇಪಾಳದ ಮುಕ್ತಿನಾಥಕ್ಕೆ ಯಾತ್ರೆ ಕರೆದೊಯ್ಯುತ್ತಿದ್ದ. ಓದಿದ್ದು ಏಳನೇ ಕ್ಲಾಸು. ಆದರೆ ನಮ್ಮ ನೂರಕ್ಕೆ ಅಲ್ಲಿಯ ನೂರ ಅರವತ್ತು ಎಂಬ ಲೆಕ್ಕ ಅವನಿಗೆ ನೀರು ಕುಡಿದಷ್ಟು ಸಲೀಸು. ಪೋಖರಾದ ಅಂಗಡಿಯವನು ಶಾಲಿಗೆ ಸಾವಿರ ಅಂದೊಡನೆ ಹೌಹಾರುವ ಹೆಂಗಸರಿಗೆ, “ನಮ್ದು ಆರ್ನೂರಿಪ್ಪತ್ತೈದು ಕಣ್ರಮ್ಮ, ಈಗ ಚೌಕಾಸಿ ಮಾಡಿ” ಎನ್ನುವನು. ಯಾರದೂ ಒಂದು ರೂಪಾಯಿ ಅವನ ಜೇಬಿನಲ್ಲಿ ಉಳಿಯುತ್ತಿರಲಿಲ್ಲ. ಅದರ ಬಗ್ಗೆ ಒಂದಿಷ್ಟು ಜಂಬವೂ ಇತ್ತು. ಇರಲಿ ಬಿಡಿ, ಅಷ್ಟು ಜಂಬ ಯಾರಿಗಿಲ್ಲ.

2019ರ ಏಪ್ರಿಲ್‌ನಲ್ಲಿ ಹೊರಟ ಮೂವತ್ತೆರಡು ಜನರಲ್ಲಿ ಬಾಗಲಗುಂಟೆಯ ಅಕ್ಕಯ್ಯಮ್ಮನೂ ಇದ್ದಳು. ಅವಳ ಗಂಡ ಬ್ಯಾಟರಾಯಪ್ಪ ಮುಕ್ತಿನಾಥಕ್ಕೆಂದು ಹರಕೆ ಹೊತ್ತು, ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿಟ್ಟು, ಹೋಗಲಾಗದೆ ಹಿಂದಿನ ವರ್ಷ ತೀರಿಕೊಂಡಿದ್ದ. ಅವನು ಕಟ್ಟಿದ ಮುಡಿಪು ದೇವರಿಗೆ ಸಲ್ಲದಿದ್ದರೆ ಹರಕೆ ಅವನ ಮೇಲೇ ಉಳಿಯುತ್ತದೆ ಎಂಬ ಕೊರಗು ಅವಳದು. ಹೊರಟಿದ್ದೇ ಅದಕ್ಕೆ. ಬೇರೆ ಯಾವ ಕ್ಷೇತ್ರ ನೋಡುವ ಆಸೆಯೂ ಇರಲಿಲ್ಲ.

ಗಡಿಯ ಈಚೆ, ಸುನೌಲಿಯ ಧರ್ಮಶಾಲೆಯಲ್ಲಿ ಮುನಿಆಂಜಿನಪ್ಪ ಎಲ್ಲರನ್ನೂ ಕೂರಿಸಿಕೊಂಡ. ನಮ್ಮ ನೂರಕ್ಕಿಂತ ದೊಡ್ಡ ನೋಟು ಬೇಡವೆಂದು ನೇಪಾಳ ಸರ್ಕಾರ ಅಪ್ಪಣೆ ಮಾಡಿ ನಾಲ್ಕು ತಿಂಗಳಾಗಿತ್ತು.

“ಐನೂರು, ಎರಡ್ ಸಾವಿರ ಯಾವ್ದೂ ಆಚೆ ನಡೆಯಲ್ಲ. ಎಲ್ಲಾ ಕೊಡಿ, ನೂರು ಮಾಡಿಸ್ಕೊಡ್ತೀನಿ.”

ಎಲ್ಲರೂ ಕೊಟ್ಟರು. ಅಕ್ಕಯ್ಯಮ್ಮ ಮಾತ್ರ ಮುಡಿಪನ್ನು ಚೀಲದಿಂದ ತೆಗೆಯಲಿಲ್ಲ.

“ಒಳಗೆ ಯಾವ ನೋಟೈತಮ್ಮ?” ಎಂದು ಅವನು ಕೇಳಿದ.

“ನಾನೇನ್ ನೋಡಿದ್ನಾ? ಕಟ್ಟಿದ್ದು ನಮ್ಮ ಯಜಮಾನ್ರು. ಇಂಗೆ ನಡುದಾರೀಲಿ ಬಿಚ್ಚಂಗಿಲ್ಲ ಕಣಪ್ಪ.”

ಅವನು ವಾದಿಸಲಿಲ್ಲ. ಆದರೆ ತಪಾಸಣೆಯಲ್ಲಿ ಒಬ್ಬರು ಸಿಕ್ಕಿಬಿದ್ದರೂ ಇಡೀ ಬಸ್ಸು ಅರ್ಧ ದಿನ ನಿಲ್ಲುತ್ತದೆಂಬ ದಿಗಿಲು ಹೋಗಲಿಲ್ಲ. ಅಕ್ಕಯ್ಯಮ್ಮ ಚೀಲ ನೋಡಿಕೊಳ್ಳಲು ಅವನಿಗೇ ಹೇಳಿ ಸ್ನಾನಕ್ಕೆ ಹೋದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಅವನು ಮುಡಿಪು ಬಿಚ್ಚಿದ. ಐನೂರರ ನಾಲ್ಕು ನೋಟು. ಎದುರಿನ ನೋಟು ಬದಲಿಸುವ ಅಂಗಡಿಯಲ್ಲಿ ನೂರರ ಇಪ್ಪತ್ತು ನೋಟು ಮಾಡಿಸಿ, ಕಮಿಷನ್ನು ತಾನೇ ಕೊಟ್ಟು, ಅದೇ ಬಟ್ಟೆಯಲ್ಲಿ ಮೊದಲಿನ ಹಾಗೇ ಕಟ್ಟಿಟ್ಟ. ಗಡಿಯಲ್ಲಿ ಪೊಲೀಸಿನವನು ಬಸ್ಸಿನೊಳಗೆ ತಲೆ ಕೂಡ ಹಾಕಲಿಲ್ಲ, ಹೋಗಿ ಎಂದು ಕೈ ಬೀಸಿದ.

ಐದನೇ ದಿನ ಮುಕ್ತಿನಾಥ. ಕೊರೆಯುವ ನೀರಿನಲ್ಲಿ ಮಿಂದು, ನಡುಗುತ್ತಲೇ ಹುಂಡಿಯ ಮುಂದೆ ನಿಂತ ಅಕ್ಕಯ್ಯಮ್ಮ ಮುಡಿಪು ಕೈಗೆತ್ತಿಕೊಂಡಳು. ಬೆರಳು ಗಂಟಿನ ಮೇಲೆ ನಿಂತಿತು. ಬ್ಯಾಟರಾಯಪ್ಪ ಯಶವಂತಪುರದ ಮಂಡಿಯಲ್ಲಿ ಮೂವತ್ತು ವರ್ಷ ಮೂಟೆಯ ಬಾಯಿ ಕಟ್ಟಿದವನು. ಅವನು ಹಾಕಿದ ಗಂಟನ್ನು ಅವಳು ಕಣ್ಣು ಮುಚ್ಚಿಯೂ ಗುರುತಿಸಬಲ್ಲಳು. ಇದು ಅದಲ್ಲ.

“ಇದನ್ನ ಯಾರ್ ಬಿಚ್ಚಿದ್ದು?”

ಸುಳ್ಳು ಹೇಳಬಹುದಿತ್ತು. ಪಕ್ಕದಲ್ಲೇ ನಿಂತಿದ್ದ ಮುನಿಆಂಜಿನಪ್ಪ ಹೇಳಲಿಲ್ಲ. “ನಾನೇ ಅಮ್ಮ. ಐನೂರರ ನೋಟಿದ್ವು, ಬದ್ಲಾಯಿಸ್ದೆ. ಎರಡ್ ಸಾವಿರ ಅಂಗೇ ಐತೆ, ಬೇಕಾದ್ರೆ ಎಣಿಸ್ಕೊಳ್ಳಿ.”

ಅವಳು ಎಣಿಸಲಿಲ್ಲ. ಹಿಂದಿನವರು ನೂಕುತ್ತಿದ್ದರು. ಮುಡಿಪನ್ನು ಹುಂಡಿಗೆ ಹಾಕಿ ಕೈ ಮುಗಿದಳು. ಸದ್ಯ, ಮುಗಿಯಿತು ಎಂದು ಅವನು ಉಸಿರು ಬಿಟ್ಟ.

“ಅದು ನಿನ್ ಎಸರಲ್ಲಿ ಆಕ್ದೆ ಆಂಜಿನಪ್ಪ, ಒಳ್ಳೇದಾಗ್ಲಿ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನಮ್ಮೋರ್ ಕಟ್ಟಿದ್ ನೋಟು ಯಾವ ಅಂಗ್ಡೀಲೈತೆ ಏಳು. ವಾಪಸ್ ಓಗ್ತಾ ಇಸ್ಕೊಂಡು, ಇನ್ನೊಂದ್ಸಲ ಬರ್ತೀನಿ.”

ದಿನಕ್ಕೆ ಸಾವಿರಾರು ನೋಟು ಕೈ ಬದಲಾಗುವ ಅಂಗಡಿ ಅದು. ಮುನಿಆಂಜಿನಪ್ಪನಿಗೆ ತುಂಬ ನಾಚಿಕೆಯಾಯಿತು. ತಲೆ ತಗ್ಗಿಸಿಕೊಂಡೇ ಅವನು ಅಂಗಡಿಯ ಗುರುತು ಹೇಳಿದ.