ಅಂಗುಲಕ್ಕೆ ಅರ್ಧ ತಾಸು

ನಾವು ಏಳನೇ ಕ್ಲಾಸಿನಲ್ಲಿದ್ದ ಆ ಕಾಲಕ್ಕೆ ಸಮಾಜ ವಿಜ್ಞಾನದ ಅಂಕವೆಂದರೆ ಬರೀ ಉತ್ತರಪತ್ರಿಕೆಯಲ್ಲ. ಗೋಂದು, ಸ್ಕೆಚ್ ಪೆನ್ನು, ಡ್ರಾಯಿಂಗ್ ಶೀಟಿನ ವಾಸನೆಯೂ ಹೌದು. ಕಿರುಪರೀಕ್ಷೆಯಲ್ಲಿ ನನಗೆ ಹತ್ತಕ್ಕೆ ಮೂರು ಬಂದಿತ್ತು. "ಚಟುವಟಿಕೆಯಾಗಾದ್ರೂ ಐದು ದಾಟಬೇಕು. ಇಲ್ಲಾಂದ್ರ ನಿಮ್ಮಪ್ಪನ್ನ ಕರ್ಕೊಂಡ್ ಬಾ," ಎಂದಿದ್ದರು ಸಮಾಜದ ಮೇಷ್ಟ್ರು. ಕುರಿ ಬಿಟ್ಟು ಶಾಲೆಗೆ ಬರಬೇಕಾಗಿ ಬಂದರೆ ಅಪ್ಪ ನನ್ನನ್ನು ಸುಮ್ಮನೆ ಬಿಡುವವನೇ?

ಚಟುವಟಿಕೆ ಏನಪ್ಪಾ ಎಂದರೆ ನಮ್ಮೂರಿನ ನಕ್ಷೆ, ಅಳತೆ ಸಮೇತ. ಉಳಿದವರೆಲ್ಲ ಕ್ಲಾಸಿನ ಜಾಣೆ ರೇಷ್ಮಾಳದನ್ನು ನೋಡಿ ಬರೆದರು. ನಾನು ಹಟಮಾರಿ, ನಾನೇ ಬರೆದೆ. ಮೇಷ್ಟ್ರು ನೋಡಿದವರೇ ಹುಬ್ಬೇರಿಸಿದರು.

"ಏನವ್ವಾ ಇದು? ಊರ ಕೆರೀನ ಶಿಕಾರಿಪುರಕ್ಕಿಂತ ದೂರ ಹಾಕೀಯಲ್ಲ!"

ಕ್ಲಾಸೆಲ್ಲ ಗೊಳ್ಳೆಂದಿತು. ನನಗೆ ಅಳು, ಸಿಟ್ಟು ಎರಡೂ.

"ದೂರ ಐತ್ರೀ ಸರ್. ಕುರಿ ಮೇಯಿಸ್ಕೊಂತ ಹೋದ್ರ ಕೆರಿಗೆ ಒಂದೂವರೆ ತಾಸು. ಶಿಕಾರಿಪುರಕ್ಕ ಬಸ್ಸಿನ್ಯಾಗ ಅರ್ಧ ತಾಸು. ಅಂಗುಲಕ್ಕ ಅರ್ಧ ತಾಸು ಹಿಡಿದೀನಿ."

ಮೇಷ್ಟ್ರು ನಕ್ಷೆಯ ಮೇಲೆ ಸ್ಕೇಲಿಟ್ಟು ಅಳೆದರು. "ಹೌದಾ? ನಾಳೆ ನೋಡೇಬಿಡಾಣ!"

ಮರುದಿನ ಮಧ್ಯಾಹ್ನ ಇಡೀ ಕ್ಲಾಸು ಅಪ್ಪನ, ಅವನ ಕುರಿಗಳ ಹಿಂದೆ! ಮೇಷ್ಟ್ರ ಕೈಯಲ್ಲಿ ನನ್ನ ನಕ್ಷೆ, ಕಣ್ಣು ವಾಚಿನ ಮೇಲೆ. ಆವತ್ತೇ ಕುರಿಗಳು ಓಡಬೇಕೆ? ಹುಡುಗರ ಕೇಕೆಗೆ ಬೆದರಿ ದೌಡಾಯಿಸಿದವು. "ಕೂಗಬ್ಯಾಡ್ರೋ, ನನ್ನ ಮಾರ್ಕ್ಸು ಹೋಗ್ತಾವು!" ಎಂದು ಕೈಮುಗಿದೆ. ಅಷ್ಟರಲ್ಲಿ ಜಾಲಿಮರ ಬಂತು. ಉದುರಿದ ಕಾಯಿ ತಿನ್ನಲು ನಿಂತವು ನೋಡಿ, ಜಪ್ಪಯ್ಯ ಎಂದರೂ ಕದಲಲಿಲ್ಲ. ನಾವೂ ಪಕ್ಕದ ಎಲಚಿ ಗಿಡದಡಿ ಬಾರಿಹಣ್ಣು ಆಯ್ದು ಉಪ್ಪುಖಾರ ಹಚ್ಚಿ ತಿಂದೆವು. ಕೆರೆ ಏರಿ ಹತ್ತಿದಾಗ ಮೇಷ್ಟ್ರು ವಾಚು ನೋಡಿದರು. ಒಂದು ತಾಸು ಮೂವತ್ತೈದು ನಿಮಿಷ! ನಾನು ಕುಣಿದೇಬಿಟ್ಟೆ.

ಅಲ್ಲೇ ಹತ್ತಕ್ಕೆ ಒಂಬತ್ತು ಕೊಟ್ಟರು. "ಇನ್ನೊಂದು ಯಾಕ ಹಿಡ್ಕೊಂಡ್ರಿ?" ಎಂದು ಅಪ್ಪನೇ ಕೇಳಿದ.

"ನಕ್ಷೆಯಾಗ ದಿಕ್ಕು ತೋರಿಸಿಲ್ರೀ."

"ಕುರಿ ಹೋದ ಕಡೇನ ದಿಕ್ಕು ಬಿಡ್ರಿ," ಎಂದ ಅಪ್ಪ. ಮೇಷ್ಟ್ರು ಬಿದ್ದೂಬಿದ್ದೂ ನಕ್ಕರು, ಅಂಕ ಮಾತ್ರ ಏರಿಸಲಿಲ್ಲ.

ಈಗ ಸೊರಬದ ಕಡೆಯ ಶಾಲೆಯೊಂದರಲ್ಲಿ ನಾನೇ ಸಮಾಜ ಕಲಿಸುತ್ತೇನೆ. ಚಟುವಟಿಕೆ ಎಂದರೆ ಮಕ್ಕಳು ಜೆರಾಕ್ಸ್ ಅಂಗಡಿಯಿಂದ ಬಣ್ಣದ ಪ್ರಿಂಟು ತರುತ್ತಾರೆ. ಅಂಕಗಳನ್ನು ಕಂಪ್ಯೂಟರಿಗೆ ಏರಿಸುವ ಗಡಿಬಿಡಿಯಲ್ಲಿ ನಾನೂ ಅವನ್ನೇ ಒಪ್ಪಿಕೊಳ್ಳುತ್ತೇನೆ, ನಾಚಿಕೆಯಾಗುತ್ತದೆ. ಹೋದ ವಾರ ಮೂವತ್ತು ನಕ್ಷೆ ತಿದ್ದಿದೆ. ಒಂದರಲ್ಲೂ ತಪ್ಪಿಲ್ಲ. ಹೆಸರು ಮುಚ್ಚಿಬಿಟ್ಟರೆ, ಯಾವುದು ಯಾವ ಮಗುವಿನದೆಂದು ಹೇಳಲು ನನ್ನಿಂದಾಗದು.