ಎಡಗೈಯ ತಾಳ

ಕೊಪ್ಪದ ಸಂಗೀತ ಟೀಚರ್ ಸರಳೆವರಸೆ ಹಾಡತೊಡಗಿದ್ದೇ, ನನ್ನ ಆರು ವರ್ಷದ ಮಗಳು ಎಡಗೈಯಲ್ಲಿ ತಪ್ಪಿಲ್ಲದೆ ತಾಳ ಹಾಕಿದಳು. ಅವಳು ಎಡಗೈಯವಳಲ್ಲ, ಪಾಠಕ್ಕೂ ಹೋದವಳಲ್ಲ. ಯಾವ ವಯಸ್ಸಿಗೆ ಸೇರಿಸಬೇಕೆಂದು ಕೇಳಲು ಬಂದಿದ್ದೆವಷ್ಟೆ. ಹತ್ತಾಗಲಿ ಎಂಬುದು ನನ್ನ ವಾದ.

ಟೀಚರ್ ಹಾಡು ನಿಲ್ಲಿಸಿದರು. "ಎಂತ ಕಾಯೋದು ಮಾರಾಯ್ರೆ? ಇವಳಿಗೆ ಯಾರೋ ಶುರು ಮಾಡಿ ಆಗಿದೆ. ತಾಳಕ್ಕೆ ಬಲಗೈ ಎತ್ತು ಅಂತ ನಿಮ್ಮ ಅಕ್ಕನಿಗೂ ಎಷ್ಟು ಬೈದಿದ್ದೆ ನಾನು!"

ಅಕ್ಕ ತೀರಿಕೊಂಡದ್ದು ಮಗಳು ಹುಟ್ಟುವ ಮೊದಲು. ನಾನೇ ಎಂದಾದರೂ ಅಕ್ಕನಂತೆ ತಾಳ ಹಾಕಿ ತೋರಿಸಿದ್ದೆನೆ? ಎಷ್ಟು ಕೆದಕಿದರೂ ನೆನಪಾಗಲಿಲ್ಲ.

ಅವತ್ತೇ ಸೇರಿಸಿದೆ. ಟೀಚರ್ ಈಗ ಅವಳಿಗೆ ಬಲಗೈ ರೂಢಿ ಮಾಡಿಸುತ್ತಿದ್ದಾರೆ. ಯಾವುದನ್ನೂ ನಂಬದ ನಾನು, ಹೊರಗಿನ ಬೆಂಚಿನಲ್ಲಿ ಕೂತು, ಅವಳು ಅದನ್ನು ಬೇಗ ಕಲಿಯದಿರಲಿ ಎಂದು ಬೇಡಿಕೊಳ್ಳುತ್ತೇನೆ.