ಎದುರುಮನೆ ಗೇಟಿನ ಬೋರ್ಡು

ಮಗಳ ಶಾಲೆಯ ಪ್ರಾಜೆಕ್ಟಿಗೆ ಬಣ್ಣದ ಪೆನ್ಸಿಲ್ ಬೇಕಾಗಿ ಅಟ್ಟದ ಮೇಲಿದ್ದ ಹಳೆಯ ರಟ್ಟಿನ ಡಬ್ಬ ಇಳಿಸಿದೆ. ತಳದಲ್ಲಿ ಹೆಬ್ಬೆರಳುದ್ದದ ಒಂದು ಪೆನ್ಸಿಲ್ ಸಿಕ್ಕಿತು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ. ಮೂಗಿನ ಹತ್ತಿರ ಹಿಡಿದರೆ ಮರದ ವಾಸನೆಯ ಜೊತೆ ತಲೆನೋವಿನ ಮುಲಾಮಿನ ಘಾಟು. ಇಷ್ಟು ವರ್ಷ ಆ ಘಾಟು ಉಳಿದಿತ್ತೋ, ನನ್ನ ಮೂಗೇ ನೆನಪಿಸಿಕೊಂಡಿತೋ... "ಅಮ್ಮಾ, ಇದು ನಂಗೆ" ಎಂದು ಮಗಳು ಕೈ ಚಾಚಿದಳು. ಒಂದು ಮೋಟು ಪೆನ್ಸಿಲ್ಲಿಗಾಗಿ ಮಗಳ ಜೊತೆ ಜಗಳವಾಡುವ ವಯಸ್ಸಲ್ಲ ನನ್ನದು. ಆದರೂ ಕೊಡಲಿಲ್ಲ. ಅದು ಆಂಟಿಯ ಪೆನ್ಸಿಲ್.

ಹದಿನಾಲ್ಕು ವರ್ಷದ ಹಿಂದೆ ನಾನು ಬ್ಯಾಟರಾಯನಪುರದಲ್ಲಿ, ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿದ್ದ ಸಣ್ಣ ಕಾರ್ಟೂನ್ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಟೀವಿಗೆ ಒಂದು ಹಾಸ್ಯ ಧಾರಾವಾಹಿ ಮಾಡುತ್ತಿದ್ದೆವು. ಯಲಹಂಕದಂಥ ಒಂದು ಬಡಾವಣೆ, ಅಲ್ಲೊಂದು ಬಾಡಿಗೆ ಮನೆ, ಅದರಲ್ಲಿ ಅಪ್ಪ, ಅಮ್ಮ, ಅಜ್ಜಿ, ಇಬ್ಬರು ತರಲೆ ಮಕ್ಕಳು. ಅವರನ್ನೆಲ್ಲ ಬೇರೆಯವರು ಬಿಡಿಸುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಹಿನ್ನೆಲೆ. ಗೇಟು, ಮೋರಿ, ಕರೆಂಟು ಕಂಬ, ನೀರಿನ ಟ್ಯಾಂಕು. ಒಟ್ಟಿನಲ್ಲಿ ನೋಡುವವರು ಯಾರೂ ನೋಡದ ಜಾಗವೆಲ್ಲ ನನ್ನದು.

ಮೂರು ಎಪಿಸೋಡು ಪ್ರಸಾರವಾಗಿತ್ತು. ಒಂದು ಬೆಳಿಗ್ಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಚೀಲದಿಂದ ದಿನದ ಕ್ಯಾಲೆಂಡರಿನಿಂದ ಹರಿದ ಹಾಳೆಗಳ ಒಂದು ಕಟ್ಟು ತೆಗೆದರು. ಹಾಳೆಗಳ ಹಿಂಬದಿಯಲ್ಲಿ, ದುಂಡನೆಯ ಅಕ್ಷರದಲ್ಲಿ, ನಮ್ಮ ತಪ್ಪುಗಳ ಪಟ್ಟಿ.

"ನಿಮ್ಮ ಅಜ್ಜಿ ಎಡಗೈಲಿ ಹುಳಿಯನ್ನ ಕಲಸ್ತಿದಾರೆ ಕಣ್ರೀ. ಸೆರಗೂ ಬಲಗಡೆಗೆ ಹೋಗ್ಬಿಟ್ಟಿದೆ. ಹಿಂದಿನ ಸೀನಲ್ಲಿ ಸರಿಯಾಗೇ ಇತ್ತಲ್ಲ, ಯಾಕೆ ಹಿಂಗಾಯ್ತು?" ಎಂದು ಬಾಸನ್ನು ಕೇಳಿದರು. ಬಾಸ್ ಎಂದರೆ ಸ್ಟುಡಿಯೋದ ಮಾಲೀಕರು. ಅವರು ನಮ್ಮ ಮುಖ ನೋಡಿದರು, ನಾವು ನೆಲ ನೋಡಿದೆವು. ಯಾರನ್ನಾದರೂ ಇನ್ನೊಂದು ದಿಕ್ಕಿಗೆ ತಿರುಗಿಸಬೇಕಾದರೆ ನಮ್ಮ ಹುಡುಗರು ಹೊಸದಾಗಿ ಬಿಡಿಸುತ್ತಿರಲಿಲ್ಲ. ಇದ್ದ ಚಿತ್ರವನ್ನೇ ಕನ್ನಡಿಯಲ್ಲಿ ಕಂಡಂತೆ ಮಗುಚಿಬಿಡುತ್ತಿದ್ದರು. ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಮಗುಚಿದಾಗ ಬಲಗೈ ಎಡಗೈಯಾಗುತ್ತದೆ, ಸೆರಗು ಇನ್ನೊಂದು ಭುಜಕ್ಕೆ ಹಾರುತ್ತದೆ. ನಮ್ಮೆಲ್ಲರ ಮನೆಯಲ್ಲೂ ಅಜ್ಜಿಯರಿದ್ದರು, ಆದರೂ ಒಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ.

"ನಮ್ಮ ಆಫೀಸು ಹೆಂಗೆ ಗೊತ್ತಾಯ್ತು ನಿಮಗೆ?" ಎಂದು ಬಾಸ್ ಕೇಳಿದರು.

"ಕೊನೇಲಿ ಹೆಸರುಗಳು ಬರುತ್ತಲ್ಲ, ಅದರಲ್ಲಿತ್ತು. ನಾನು ಪೂರ್ತಿ ಓದ್ತೀನಿ. ಅಷ್ಟು ಜನ ದುಡಿದಿರ್ತಾರೆ, ಓದದೆ ಎದ್ದು ಹೋದ್ರೆ ಚೆನ್ನಾಗಿರುತ್ತಾ?"

ಮುಂದಿನ ಸೋಮವಾರದಿಂದ ಅವರು ನಮ್ಮಲ್ಲಿ ಕೆಲಸಕ್ಕೆ ಬಂದರು. ಕೆಲಸ ತಪ್ಪು ಹಿಡಿಯುವುದು. ಹೆಸರು ಹಿಡಿದು ಕರೆಯಲು ಯಾರಿಗೂ ಬಾಯಿ ಬರಲಿಲ್ಲ, ಎಲ್ಲರಿಗೂ ಆಂಟಿಯಾದರು.

ಯಲಹಂಕದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಹಣೆಯ ಎರಡೂ ಬದಿಗೆ ಮುಲಾಮು ತಿಕ್ಕಿಕೊಂಡು ಪರದೆಯ ಮುಂದೆ ಕೂತರೆ ಊಟದ ಹೊತ್ತಿನವರೆಗೆ ಏಳುತ್ತಿರಲಿಲ್ಲ. ಎಪಿಸೋಡಿನ ಶಾಟುಗಳನ್ನು ಒಂದೊಂದಾಗಿ ನೋಡಿ, ಕ್ಯಾಲೆಂಡರ್ ಹಾಳೆಯಲ್ಲಿ ಶಾಟಿನ ನಂಬರ್ ಬರೆದು, ಸರಿಯಿದ್ದರೆ ನೀಲಿ ಗೆರೆ, ತಪ್ಪಿದ್ದರೆ ಕೆಂಪು ಸುತ್ತು ಹಾಕುತ್ತಿದ್ದರು. ನಾವು ಮೊದಮೊದಲು ಅವರನ್ನು ಕಂಡರೆ ಉರಿದುಬೀಳುತ್ತಿದ್ದೆವು. ಬಾಸ್‌ಗೂ ಗಡಿಬಿಡಿ. "ಇರಲಿ ಬಿಡಿ ಆಂಟಿ, ಯಾರು ನೋಡ್ತಾರೆ?" ಎನ್ನುತ್ತಿದ್ದರು. ಆಂಟಿ ತಲೆ ಎತ್ತದೆ "ನಾನು ನೋಡ್ತೀನಲ್ಲ" ಎನ್ನುತ್ತಿದ್ದರು. 'ಇರಲಿ' ಎಂಬ ಮಾತು ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ.

ಯಲಹಂಕದಲ್ಲಿ ಯುದ್ಧವಿಮಾನಗಳ ಹಾರಾಟ ನಡೆಯುವಾಗ ಬಡಾವಣೆಯವರೆಲ್ಲ ಟೆರೇಸು ಹತ್ತಿ ನಿಲ್ಲುತ್ತಾರಲ್ಲ, ಅದರ ಮೇಲೊಂದು ಎಪಿಸೋಡು ಮಾಡಿದೆವು. ಅಜ್ಜಿ ಟೆರೇಸಿನಲ್ಲಿ ಸಂಡಿಗೆ ಒಣಹಾಕಿರುತ್ತಾರೆ, ನೋಡಲು ಬಂದ ನೆಂಟರೆಲ್ಲ ಅದನ್ನು ತುಳಿಯುತ್ತಾರೆ, ಇದು ಕಥೆ. ಆಂಟಿಯ ಹಾಳೆ ಕೆಂಪೋ ಕೆಂಪು. ಮಕ್ಕಳು ವಿಮಾನ ಕಾಣುವ ಮೊದಲೇ ಕಿವಿ ಮುಚ್ಚಿಕೊಂಡಿದ್ದಾರೆ! "ವಿಮಾನ ಮುಂದೆ ಹೋಗುತ್ತೆ, ಸದ್ದು ಹಿಂದಿಂದ ಬರುತ್ತೆ ಕಣ್ರಪ್ಪಾ. ಇಪ್ಪತ್ತೆಂಟು ವರ್ಷದಿಂದ ಯಲಹಂಕದಲ್ಲಿ ಬಟ್ಟೆ ಒಣಗಹಾಕ್ತಿದೀನಿ, ನಂಗೊತ್ತಿಲ್ವಾ?" ಸಂಡಿಗೆ ಒಂದು ಸಾಲಿನಲ್ಲಿ ಎಂಟಿದ್ದದ್ದು ಮುಂದಿನ ಶಾಟಿನಲ್ಲಿ ಏಳಾಗಿತ್ತು. "ಒಂದನ್ನ ಯಾರು ತಿಂದ್ರು?" ಎಂದು ಗಂಭೀರವಾಗಿ ಕೇಳಿದರು. ಕಥೆ ಬರೆಯುವವನು ಎದ್ದು ನಿಂತು ಚಪ್ಪಾಳೆ ಹೊಡೆದ. ಚಿಕ್ಕ ಹುಡುಗಿ ಹಸಿ ಸಂಡಿಗೆ ಕದ್ದು ತಿನ್ನುವ ದೃಶ್ಯ ಹಾಗೆ ಹುಟ್ಟಿತು. ಅದು ನೋಡಿದವರಿಗೆ ತುಂಬಾ ಹಿಡಿಸಿತು.

ಆ ಎಪಿಸೋಡಿನ ಕೆಲಸ ನಡೆಯುವಾಗಲೇ, ಊಟದ ಡಬ್ಬಿ ಬಿಚ್ಚುತ್ತಾ, ಆಂಟಿ ಮೆಲ್ಲಗೆ ಬಾಸನ್ನು ಕೇಳಿದರು. ಕೊನೆಯಲ್ಲಿ ಬರುವ ಹೆಸರುಗಳಲ್ಲಿ ತಮ್ಮದೂ ಹಾಕಬಹುದಾ ಎಂದು. ಬಾಸ್ ನಕ್ಕರು. "ತಪ್ಪು ಹಿಡಿಯೋರ ಹೆಸರು ಹಾಕಿದ್ರೆ ತಪ್ಪಿತ್ತು ಅಂತ ನಾವೇ ಸಾರಿದ ಹಂಗಾಗುತ್ತೆ ಆಂಟಿ. ಕೊನೇ ಎಪಿಸೋಡಿಗೆ ನೋಡೋಣ." ಆಂಟಿ "ಸರಿ" ಎಂದು ಮೊಸರನ್ನ ಕಲಸಿದರು. ಆಮೇಲೆ ನನ್ನ ಜೊತೆ ಕೈ ತೊಳೆಯುವಾಗ ಹೇಳಿದರು.

"ನಮ್ಮನೆ ಗೇಟಿನ ಮೇಲೆ ಯಜಮಾನ್ರ ಹೆಸರಿದೆ ಕಣೇ, ಅದರ ಕೆಳಗೆ ಮಗಂದು. ಕರೆಂಟ್ ಬಿಲ್ಲು ಇನ್ನೂ ಮಾವನ ಹೆಸರಲ್ಲೇ ಬರುತ್ತೆ. ನನ್ನ ಹೆಸರು ನಾನು ಎಲ್ಲೂ ನೋಡೇ ಇಲ್ಲ ಅಂತ ಅವತ್ತು ಟೀವಿ ಮುಂದೆ ಕೂತಾಗ ಹೊಳೀತು. ಒಂದ್ಸಲ ನೋಡ್ಬೇಕು ಅಷ್ಟೇ."

ನನಗೆ ಸಿಟ್ಟು ಬಂತು. ಬಾಸ್ ಮೇಲೆ, ಆ ಗೇಟಿನ ಮೇಲೆ, ಎಲ್ಲದರ ಮೇಲೆ. ಯಾರೂ ನೋಡದ ಜಾಗವೆಲ್ಲ ನನ್ನದು ಎಂದೆನಲ್ಲ... ಟೆರೇಸಿನ ಎಪಿಸೋಡಿನಲ್ಲಿ ಎದುರುಮನೆಯ ಗೇಟು ಆಗಾಗ ಕಾಣುತ್ತಿತ್ತು. ಅದಕ್ಕೊಂದು ಕಪ್ಪು ಬೋರ್ಡು ಬಿಡಿಸಿ, ಬಿಳಿ ಅಕ್ಷರದಲ್ಲಿ ಆಂಟಿಯ ಹೆಸರು ಬರೆದೆ. ಮುಂದೆ ಶ್ರೀಮತಿ ಇಲ್ಲ, ಹಿಂದೆ ಗಂಡನ ಹೆಸರಿಲ್ಲ. ಬರೀ ಅವರ ಹೆಸರು. ಅವರಿಗೆ ಹೇಳಲಿಲ್ಲ, ಪರದೆಯಲ್ಲಿ ಕಂಡಾಗ ಅವರ ಮುಖ ನೋಡಬೇಕೆಂದು ಪಕ್ಕದಲ್ಲೇ ಕಾದು ಕೂತೆ.

ಆಂಟಿ ನೋಡಿದರು. ಚಿತ್ರ ನಿಲ್ಲಿಸಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದರು. ಕಣ್ಣು ತುಂಬಿತ್ತೆಂದು ಈಗ ಅನಿಸುತ್ತದೆ, ಆಗ ನಾನು ಬಗ್ಗಿ ನೋಡುವ ಧೈರ್ಯ ಮಾಡಲಿಲ್ಲ. ಆಮೇಲೆ ಪೆನ್ಸಿಲ್ಲಿನ ಕೆಂಪು ತುದಿ ತಿರುಗಿಸಿ ಶಾಟಿನ ನಂಬರಿಗೆ ಸುತ್ತು ಹಾಕಿದರು.

"ಈ ಗೇಟಿಗೆ ಹಿಂದಿನ ಎಪಿಸೋಡುಗಳಲ್ಲಿ ಬೋರ್ಡ್ ಇರ್ಲಿಲ್ಲ. ತೆಗಿ."

"ನಿಮ್ಮ ಹೆಸರು ಆಂಟಿ ಅದು!"

"ಅದಕ್ಕೇ ತೆಗಿ ಅಂದಿದ್ದು. ಬೇರೆಯವರ ತಪ್ಪಿಗೆಲ್ಲ ಸುತ್ತು ಹಾಕಿ ನಂದೊಂದು ಬಿಟ್ಕೊಂಡ್ರೆ, ನಾಳೆ ಆ ಹುಡುಗರ ಮುಂದೆ ಯಾವ ಬಾಯಲ್ಲಿ ಮಾತಾಡ್ಲಿ?"

ನಾನು ಏನೇನೋ ಅಂದೆ. ನಿಮ್ಮಂಥವರಿಗೆ ಒಳ್ಳೆಯದು ಮಾಡಲು ಬಂದದ್ದೇ ತಪ್ಪು ಎಂದೂ ಅಂದೆ. ಧುಮುಗುಟ್ಟುತ್ತಾ ಕೂತು ಬೋರ್ಡುಗಳನ್ನೆಲ್ಲ ಅಳಿಸಿಕೊಟ್ಟೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ನನ್ನ ಮೇಜಿನ ಮೇಲೆ ಒಂದು ಡಬ್ಬಿ ಇತ್ತು, ತುಂಬಾ ಕರಿದ ಸಂಡಿಗೆ. ಎಷ್ಟು ಸಿಟ್ಟಿದ್ದರೂ ಸಂಡಿಗೆಯನ್ನು ಸದ್ದಿಲ್ಲದೆ ತಿನ್ನುವುದು ಆಗದ ಮಾತು. ಇಬ್ಬರಿಗೂ ನಗು ಬಂತು, ಮಾತೂ ಬಂತು.

ಕೊನೇ ಎಪಿಸೋಡು ಬರಲೇ ಇಲ್ಲ. ಧಾರಾವಾಹಿ ನಡುವೆಯೇ ನಿಂತಿತು, ಮೂರು ತಿಂಗಳಲ್ಲಿ ಸ್ಟುಡಿಯೋಗೂ ಬೀಗ ಬಿತ್ತು. ಸಾಮಾನು ಖಾಲಿ ಮಾಡುವ ದಿನ ಆಂಟಿ ತಮ್ಮ ಹಾಳೆಗಳ ಕಟ್ಟನ್ನೂ ಪೆನ್ಸಿಲ್ಲನ್ನೂ ನನ್ನ ಕೈಗಿಟ್ಟರು. "ಮನೇಲಿಟ್ರೆ ರದ್ದಿಗೆ ಹಾಕ್ಬಿಡ್ತಾರೆ. ನೀನು ಹಾಕ್ಬೇಡ ಕಣೇ. ಬಿಡುವಾದಾಗ ಬಿಚ್ಚಿ ನೋಡು." ನೋಡುತ್ತೇನೆ ಎಂದೆ. ಮದುವೆ, ಬೇರೆ ಕೆಲಸ, ಮಗಳು... ಬಿಡುವಾಗಲಿಲ್ಲ. ಅವರ ಮನೆಗೆ ಒಮ್ಮೆ ಹೋಗಬೇಕು, ಈ ಭಾನುವಾರ, ಮುಂದಿನ ಭಾನುವಾರ ಎಂದುಕೊಳ್ಳುತ್ತಲೇ ಇದ್ದೆ. ಹೋದ ವರ್ಷ ಅವರು ಹೋಗಿಬಿಟ್ಟರೆಂಬ ಸುದ್ದಿ ನನಗೆ ತಲುಪಿದ್ದು ವೈಕುಂಠ ಸಮಾರಾಧನೆಯೂ ಮುಗಿದ ಮೇಲೆ. ನಾಚಿಕೆಯಾಗುತ್ತದೆ ಹೇಳಲು.

ಪೆನ್ಸಿಲ್ ಸಿಕ್ಕ ಆ ಮಧ್ಯಾಹ್ನ ಮಗಳಿಗೆ ತೋರಿಸೋಣವೆಂದು ನೆಟ್ಟಿನಲ್ಲಿ ನಮ್ಮ ಧಾರಾವಾಹಿ ಹುಡುಕಿದೆ. ಇತ್ತು. ಟೆರೇಸಿನ ಎಪಿಸೋಡಿನ ಕೆಳಗೆ, ಚಿಕ್ಕವರಿದ್ದಾಗ ಅದನ್ನು ನೋಡಿ ಬೆಳೆದ ಯಾರೋ ತಾವು ಗಮನಿಸಿದ್ದರ ಉದ್ದದ ಪಟ್ಟಿ ಬರೆದಿದ್ದಾರೆ. ಚಿತ್ರದ ಅಂಗಡಿ ನಿಜವಾದ ಯಾವ ಅಂಗಡಿಯನ್ನು ನೆನಪಿಸುತ್ತದೆ, ಬಸ್ಸು ಯಾವ ಕಡೆ ಹೋಗಬೇಕಿತ್ತು, ಎಲ್ಲಿ ಯಾರ ನೆರಳು ಬಿದ್ದಿಲ್ಲ. ಕೊನೆಯಲ್ಲೊಂದು ಸಾಲು: 'ಮೇಲಿನಿಂದ ರಸ್ತೆ ಕಾಣುವಾಗ ಎದುರುಮನೆ ಗೇಟಿನಲ್ಲಿ ಒಂದು ಬೋರ್ಡಿದೆ, ಯಾರದೋ ಹೆಸರು. ಮುಂದಿನ ಶಾಟಲ್ಲಿ ಮಾಯ! ಯಾರಿವರು?'

ಚಿತ್ರ ನಿಲ್ಲಿಸಿ, ದೊಡ್ಡದು ಮಾಡಿ ನೋಡಿದೆ. ಹೌದು. ಸಿಟ್ಟಿನ ಭರದಲ್ಲಿ ಅಳಿಸುವಾಗ ಆ ಒಂದು ಶಾಟ್ ನನ್ನ ಕಣ್ಣು ತಪ್ಪಿತ್ತು. ಆದರೆ ತಿದ್ದಿದ್ದೆಲ್ಲ ಮತ್ತೆ ಆಂಟಿಯ ಮುಂದೆ ಹೋಗಿಯೇ ಹೋಗುತ್ತಿತ್ತು. ಸಂಡಿಗೆ ಎಣಿಸುವ ಆ ಕಣ್ಣಿಗೆ ತಮ್ಮ ಹೆಸರು ತಪ್ಪುತ್ತದೆಯೇ?

ಡಬ್ಬದಲ್ಲಿದ್ದ ಕಟ್ಟು ಬಿಚ್ಚಿದೆ. ಹಾಳೆಗಳು ಹಳದಿಯಾಗಿದ್ದವು. ಟೆರೇಸಿನ ಎಪಿಸೋಡಿನ ಎರಡನೇ ತಪಾಸಣೆ, ಸಾಲು ಸಾಲು ನೀಲಿ ಗೆರೆಗಳು. ಮೇಲಿನಿಂದ ರಸ್ತೆ ಕಾಣುವ ಶಾಟಿನ ನಂಬರಿಗೆ ಅರ್ಧ ಕೆಂಪು ಸುತ್ತು. ಅರ್ಧಕ್ಕೇ ನಿಂತಿದೆ. ಅದರ ಪಕ್ಕದಲ್ಲಿ ನೀಲಿಯಲ್ಲಿ, ಅದೇ ದುಂಡನೆಯ ಅಕ್ಷರದಲ್ಲಿ, ಒಂದೇ ಮಾತು: ಇರಲಿ.

ಯಾರಿವರು ಎಂದು ಕೇಳಿದವರಿಗೆ ಉತ್ತರ ಬರೆಯಲು ಕೂತೆ, ಬರೆದು ಅಳಿಸಿದೆ. ಇಲ್ಲಿಯೂ ಅವರ ಹೆಸರು ಬರೆಯುವುದಿಲ್ಲ. ಅದು ಇರುವ ಜಾಗದಲ್ಲಿ ಇದೆ, ಬೇಕಾದವರು ನಿಲ್ಲಿಸಿ ಓದಿಕೊಳ್ಳಲಿ. ನನಗೆ ಹೇಳಬೇಕಾಗಿರುವುದು ಆಂಟಿಗೆ, ಅದೂ ಒಂದೇ ಮಾತು. ಯಾರು ನೋಡ್ತಾರೆ ಎಂದು ಬಾಸ್ ಹೇಳುತ್ತಿದ್ದರಲ್ಲ ಆಂಟಿ... ಯಾರೋ ನೋಡಿದ್ದಾರೆ. ನಿಮ್ಮ ಹೆಸರನ್ನ ಓದಿದ್ದಾರೆ. ಬಸ್ಸು ಹತ್ತಿ ಬಂದು ಹೇಳೋಣವೆಂದರೆ ನೀವಿಲ್ಲ.